ಅರ್ಧ ಚೆಂಡು, ಐದು ಗೆರೆ

ಅಂಗೈ ಮೇಲೆ ನಿಲ್ಲುವಂಥ ಚಿಕ್ಕ ಮರದ ಬಟ್ಟಲು. ಕೆಳಗೆ ಕಾಲು, ಮೇಲೆ ಹಿಡಿ ಇರುವ ಮುಚ್ಚಳ. ಒಳಗೊಂದು ಕೆಂಪು ಚೆಂಡು, ಗೋಲಿಗಿಂತ ಸ್ವಲ್ಪ ದೊಡ್ಡದು. ಚೆಂಡನ್ನು ಎಲ್ಲರಿಗೂ ತೋರಿಸಿ ಜೇಬಿಗೆ ಹಾಕಿಕೊಳ್ಳಬೇಕು. ಖಾಲಿ ಬಟ್ಟಲಿಗೆ ಮುಚ್ಚಳ ಹಾಕಿ ತೆಗೆದರೆ ಚೆಂಡು ವಾಪಸ್ ಬಂದು ಕೂತಿರುತ್ತದೆ. ಮತ್ತೆ ಮುಚ್ಚಿ ತೆಗೆದರೆ ಮಾಯ. ಜೇಬಿಗೆ ಕೈ ಹಾಕಿದರೆ ಚೆಂಡು ಅಲ್ಲಿದೆ. ಆಟ ಇಷ್ಟೇ. ಒಂದು ನಿಮಿಷವೂ ಬೇಡ.

ಜಾದೂ ಮಾಡುವವರು ಇದನ್ನು ಬಾಲ್ ಅಂಡ್ ವಾಸ್ ಅನ್ನುತ್ತಾರೆ. ಮಕ್ಕಳಿಗೆ ಮಾರುವ ಜಾದೂ ಪೆಟ್ಟಿಗೆಗಳಲ್ಲಿ ಬಹಳ ಸಲ ಇದು ಇರುತ್ತದೆ, ಈಗಿನವುಗಳಲ್ಲಿ ಪ್ಲಾಸ್ಟಿಕ್‌ನದು. ನಾನು ಬರೆಯುತ್ತಿರುವುದು ಮರದ್ದರ ಬಗ್ಗೆ. ಕೊಪ್ಪಳದ ನಮ್ಮ ಡ್ರಾಯಿಂಗ್ ಮಾಸ್ತರ ಸಂಗ್ರಹದಲ್ಲಿರುವ ಹಳೆಯ ಬಟ್ಟಲು ಅದು.

ಮಾಸ್ತರು ನಿವೃತ್ತರಾಗಿ ಬಹಳ ವರ್ಷವಾಯಿತು. ಅವರ ಮನೆಯ ಪಡಸಾಲೆಯಲ್ಲಿ ಒಂದು ಸ್ಟೀಲ್ ಅಲಮಾರಿ ಇದೆ. ಬೇರೆ ಮನೆಗಳಲ್ಲಿ ಸೀರೆ, ಕಾಗದಪತ್ರ ಇರುವ ಜಾಗದಲ್ಲಿ ಇವರು ಆಟಿಕೆ ಇಟ್ಟಿದ್ದಾರೆ. ಬುಗುರಿಗಳು, ಕೀಲಿ ಕೊಟ್ಟರೆ ಓಡುವ ತಗಡಿನ ಮೋಟಾರು, ಕಿನ್ನಾಳದ ಗರುಡ, ಜಾತ್ರೆಯಲ್ಲಿ ಕೊಂಡ ಗಿಲಕಿಗಳು. ಕೆಳಗಿನ ಖಾನೆ ಪೂರ್ತಿ ಜಾದೂ ಸಾಮಾನು. ಅವರ ಅಪ್ಪ ರೈಲ್ವೆಯಲ್ಲಿದ್ದವರು. 1960ರ ದಶಕದಲ್ಲಿ ಗುಂತಕಲ್ಲಿಗೆ ಕೆಲಸದ ಮೇಲೆ ಹೋದಾಗ ಈ ಬಟ್ಟಲನ್ನು ಮಗನಿಗೆ ಅಂತ ತಂದಿದ್ದರಂತೆ. ಮಾಸ್ತರು ಅದನ್ನು ನನ್ನ ಕೈಗೆ ಕೊಡುವಾಗ ಹೇಳಿದ ಮಾತು: "ಒಯ್ಯಿ ತಮ್ಮಾ. ಆದ್ರ ಸುಮ್ನ ನೋಡಿ ಬರಿಬ್ಯಾಡ. ಹುಡುಗರ ಮುಂದ ಮಾಡಿ ನೋಡು, ಆಮ್ಯಾಲ ಬರಿ."

ಆ ಮಾತು ಸರಿಯಾಗಿತ್ತು. ಹಳೆಯ ನಾಣ್ಯವನ್ನು, ಅಂಚೆಚೀಟಿಯನ್ನು ಕಣ್ಣಿನಿಂದ ನೋಡಿಯೇ ಬೆಲೆ ಕಟ್ಟಬಹುದು. ಜಾದೂ ಸಾಮಾನನ್ನು ಹಾಗೆ ನೋಡಲು ಬರುವುದಿಲ್ಲ. ಅದು ಕೆಲಸ ಮಾಡುತ್ತದಾ ಇಲ್ಲವಾ ಅನ್ನುವುದು ಎದುರಿಗೆ ಕೂತವರ ಮುಖದ ಮೇಲೆ ಗೊತ್ತಾಗಬೇಕು.

ಗುಟ್ಟನ್ನು ಹೇಳದೆ ಈ ಬಟ್ಟಲಿನ ಬಗ್ಗೆ ಬರೆಯಲು ಆಗುವುದಿಲ್ಲ. ಹಾಗಾಗಿ ಹೇಳಿಬಿಡುತ್ತೇನೆ. ನೋಡುವವರಿಗೆ ಬಟ್ಟಲು, ಮುಚ್ಚಳ ಅಂತ ಎರಡೇ ಭಾಗ ಕಾಣುತ್ತವೆ. ಇರುವುದು ಮೂರು. ನಡುವೆ ಒಂದು ತೆಳ್ಳನೆಯ ಚಿಪ್ಪು ಇದೆ. ಅದರ ಅಂಚು ಬಟ್ಟಲಿನ ಬಾಯಿಯ ಅಂಚಿನ ಹಾಗೇ ಇದೆ. ಅದರ ನಡುವೆ ಅರ್ಧ ಚೆಂಡು ಉಬ್ಬಿ ನಿಂತಿದೆ, ಕೆಳಗೆ ಪೊಳ್ಳು. ಚಿಪ್ಪನ್ನು ಬಟ್ಟಲಿನ ಮೇಲೆ ಕೂರಿಸಿದರೆ ಒಳಗೆ ಪೂರ್ತಿ ಚೆಂಡು ಕೂತಂತೆ ಕಾಣುತ್ತದೆ. ಮುಚ್ಚಳದ ತುದಿಯ ಹಿಡಿಯನ್ನಷ್ಟೇ ಹಿಡಿದು ಎತ್ತಿದರೆ ಮುಚ್ಚಳ ಮಾತ್ರ ಬರುತ್ತದೆ, ಚಿಪ್ಪು ಉಳಿಯುತ್ತದೆ, ಚೆಂಡು "ಬಂತು". ಬೆರಳನ್ನು ಸ್ವಲ್ಪ ಕೆಳಗಿಟ್ಟು ಮುಚ್ಚಳದ ಜೊತೆ ಚಿಪ್ಪಿನ ಅಂಚನ್ನೂ ಒತ್ತಿ ಹಿಡಿದು ಎತ್ತಿದರೆ ಎರಡೂ ಬರುತ್ತವೆ, ಚೆಂಡು "ಹೋಯ್ತು". ನಿಜವಾದ ಚೆಂಡು ಅಷ್ಟೂ ಹೊತ್ತು ಜೇಬಿನಲ್ಲೇ ಇರುತ್ತದೆ. ಹೆಬ್ಬೆರಳು ಅರ್ಧ ಇಂಚು ಮೇಲಿದೆಯೋ ಕೆಳಗಿದೆಯೋ ಅನ್ನುವುದರ ಮೇಲೆ ಇಡೀ ಜಾದೂ ನಿಂತಿದೆ.

ಇದನ್ನು ಹೇಳಿದ್ದಕ್ಕೆ ಯಾರಿಗೂ ನಷ್ಟವಿಲ್ಲ. ಇಂಥ ಆಟಿಕೆಯ ಜೊತೆ ಬರುವ ಚೀಟಿಯಲ್ಲೇ ಇದು ಅಚ್ಚಾಗಿರುತ್ತದೆ. ಅದಕ್ಕೂ ಮೊದಲು, 1876ರಲ್ಲೇ, ಲಂಡನ್ನಿನ ಏಂಜೆಲೊ ಲೂಯಿಸ್ ಅನ್ನುವ ವಕೀಲರು ಪ್ರೊಫೆಸರ್ ಹಾಫ್‌ಮನ್ ಅನ್ನುವ ಹೆಸರಿನಲ್ಲಿ ಬರೆದ ಜಾದೂ ಪುಸ್ತಕದಲ್ಲಿ, ಮರದಲ್ಲಿ ಕಡೆದ ಇಂಥ ಚೆಂಡಿನ ಬಟ್ಟಲುಗಳ ವಿವರ ಕೊಟ್ಟಿದ್ದರು. ಒಳಗಿನ ಪೊಳ್ಳು ಚಿಪ್ಪನ್ನೂ ಬಿಡದೆ ಹೇಳಿದ್ದರು.

ಆದರೂ ಗುಟ್ಟು ಗೊತ್ತಾದ ಮೇಲೆ ಏನು ಉಳಿಯಿತು ಅನ್ನುವ ಪ್ರಶ್ನೆ ಇದ್ದೇ ಇದೆ. ಅದು ಬಹಳ ಹಳೆಯ ಪ್ರಶ್ನೆ. ಎರಡು ಸಾವಿರ ವರ್ಷದ ಹಿಂದೆ ರೋಮ್‌ನಲ್ಲಿದ್ದ ತತ್ವಜ್ಞಾನಿ ಸೆನೆಕ ಗೆಳೆಯನಿಗೆ ಬರೆದ ಒಂದು ಪತ್ರದಲ್ಲಿ ಬಟ್ಟಲು ಮತ್ತು ಹರಳುಗಳ ಜಾದೂ ಮಾಡುವವರ ಮಾತು ಬರುತ್ತದೆ. ಆ ಮೋಸವೇ ತನಗೆ ಖುಷಿ ಕೊಡುವುದು, ಹೇಗೆ ಮಾಡುತ್ತಾರೆ ಅಂತ ತೋರಿಸಿಬಿಟ್ಟರೆ ತನ್ನ ಆಸಕ್ತಿ ಹೋಗುತ್ತದೆ ಅನ್ನುತ್ತಾನೆ. ಈ ಬಟ್ಟಲನ್ನು ಕೈಯಲ್ಲಿ ಹಿಡಿದ ಮೇಲೆ ನನಗೆ ಆ ಮಾತನ್ನು ಒಪ್ಪಲು ಆಗುತ್ತಿಲ್ಲ. ಗುಟ್ಟು ಗೊತ್ತಾದ ಮೇಲೇ ನನ್ನ ಆಸಕ್ತಿ ಜಾಸ್ತಿಯಾಯಿತು. ಯಾಕೆ ಅಂತ ಹೇಳಲು ಬಟ್ಟಲಿನ ಹೊರಮೈಗೆ ಬರಬೇಕು.

ಹೊರಗೆ ಐದು ಕಪ್ಪು ಗೆರೆಗಳಿವೆ. ಸುತ್ತಲೂ, ಒಂದೇ ಅಂತರದಲ್ಲಿ, ಸೂಜಿಯಷ್ಟು ಸಣ್ಣಗೆ. ಮೊದಲ ಸಲ ನೋಡಿದಾಗ ಅಂದಕ್ಕೆ ಅಂತಲೇ ಅನ್ನಿಸುತ್ತದೆ. ಮರದ ಎಷ್ಟೋ ಆಟಿಕೆಗಳಿಗೆ ಇಂಥ ಗೆರೆ ಇರುತ್ತದೆ, ಅಲ್ವಾ? ಆದರೆ ಉಗುರಿನಿಂದ ಒಂದೊಂದನ್ನೇ ಸವರುತ್ತಾ ಬನ್ನಿ. ಮೇಲಿನಿಂದ ಮೊದಲನೆಯದು ಸುಮ್ನೆ ಕೊರೆದ ಗೆರೆ. ಎರಡನೆಯದರಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಅದು ಮುಚ್ಚಳ ಮತ್ತು ಚಿಪ್ಪಿನ ನಡುವಿನ ಸಂದು. ಮೂರನೆಯದರಲ್ಲೂ ಸಿಕ್ಕಿಕೊಳ್ಳುತ್ತದೆ. ಅದು ಚಿಪ್ಪು ಮತ್ತು ಬಟ್ಟಲಿನ ನಡುವಿನದು. ನಾಲ್ಕು, ಐದು ಮತ್ತೆ ಬರೀ ಗೆರೆ.

ಇದನ್ನು ಮಾಡಿದವನ ತಲೆ ಹೇಗೆ ಓಡಿದೆ ನೋಡಿ. ಸಂದನ್ನು ಮುಚ್ಚಿಡಲು ಆಗುವುದಿಲ್ಲ. ಎಷ್ಟೇ ಬಿಗಿಯಾಗಿ ಕಡೆದರೂ ಎರಡು ಮರದ ತುಂಡು ಸೇರುವ ಜಾಗದಲ್ಲಿ ಒಂದು ಕಪ್ಪು ನೆರಳು ಕಾಣುತ್ತದೆ. ಆ ನೆರಳನ್ನು ಅಳಿಸುವ ಗೋಜಿಗೇ ಅವನು ಹೋಗಿಲ್ಲ. ಅದರ ಹಾಗೇ ಕಾಣುವ ಇನ್ನೂ ಮೂರು ಗೆರೆ ಕೊರೆದು, ಅವುಗಳಿಗೆ ಕಪ್ಪು ಅರಗು ತುಂಬಿದ್ದಾನೆ. ಮುಚ್ಚಳ ತೆರೆಯುವ ಜಾಗದಲ್ಲಿ ಒಂದು ಸಂದು ಇರಬೇಕು ಅಂತ ನೋಡುವವರಿಗೆ ಗೊತ್ತು. ಆ ಒಂದು ಸಿಕ್ಕಿದ ಮೇಲೆ ಎರಡನೆಯದನ್ನು ಯಾರೂ ಹುಡುಕುವುದಿಲ್ಲ. ಮಿಕ್ಕಿದ್ದೆಲ್ಲ ಅಲಂಕಾರ ಅಂತ ಕಣ್ಣು ಮುಂದೆ ಹೋಗುತ್ತದೆ.

ನಾನು ಬಟ್ಟಲನ್ನು ಮಾಸ್ತರ ಒಪ್ಪಿಗೆ ಪಡೆದು ಒಬ್ಬ ಬಡಿಗೇರ ಹತ್ತಿರ ಒಯ್ದೆ. ತೊಟ್ಟಿಲ ಕಾಲು, ಮಂಚದ ಕಾಲು, ಲಟ್ಟಣಿಗೆ ಕಡೆಯುವ ಮನುಷ್ಯ. ದಿನವಿಡೀ ಲೇತ್ ಮುಂದೆ ನಿಲ್ಲುತ್ತಾನೆ. ಆಟ ಮಾಡಿ ತೋರಿಸಿದೆ. ನಕ್ಕ. ಆಮೇಲೆ ಮೂರೂ ಭಾಗ ಬಿಡಿಸಿ ಕೈಗೆ ಕೊಟ್ಟೆ. ನಗು ನಿಂತಿತು. ಚಿಪ್ಪನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಹೊರಗ ಯಾರರ ಕಡಿತಾರ್ರಿ. ಒಳಗ ಇಷ್ಟು ತೆಳ್ಳಗ ಬಿಟ್ಟಾನಲ್ಲ, ಇದು ಕೆಲಸ. ಒಂಚೂರು ಉಳಿ ಒಳಗ ಹೋದ್ರ ಮುಗೀತು, ತೂತು." ಮತ್ತೆ ಮೂರನ್ನೂ ಒಂದರ ಮೇಲೊಂದು ಇಟ್ಟು, ಕಾಲಿನ ಹತ್ತಿರ ಅರಗು ಸವೆದ ಜಾಗದಲ್ಲಿ ಮರದ ನಾರಿನ ಓಟ ನೋಡಿದ. ಚಿಪ್ಪಿನ ಒಳಗೂ ನೋಡಿದ. "ಎಲ್ಲಾ ಒಂದ ಕಟಿಗ್ಯಾಗ ಕಡದಾನ. ಬ್ಯಾರೆ ಬ್ಯಾರೆ ತುಂಡಲ್ಲ."

ಅದರಿಂದ ಏನು ಅನುಕೂಲ ಅಂತ ಕೇಳಿದೆ. ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮರ ಒಣಗಿದಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಗುಂಟ ಕುಗ್ಗುವುದು ಜಾಸ್ತಿ. ಮರದ ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಸುಮಾರು ಅದರ ಅರ್ಧ. ಉದ್ದಕ್ಕಂತೂ ಕುಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹೀಗಾಗಿ ಗುಂಡಗೆ ಕಡೆದ ಬಟ್ಟಲು ವರ್ಷ ಕಳೆದಂತೆ ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮುಚ್ಚಳ, ಚಿಪ್ಪು, ಬಟ್ಟಲು ಬೇರೆ ಬೇರೆ ತುಂಡಿನವಾದರೆ ಒಂದೊಂದೂ ಒಂದೊಂದು ಕಡೆಗೆ ಸೊಟ್ಟಾಗುತ್ತದೆ, ಚಿಪ್ಪು ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ತುಂಡಿನವಾದರೆ ಮೂರೂ ಒಂದೇ ದಿಕ್ಕಿಗೆ ಸೊಟ್ಟಾಗುತ್ತವೆ. ಆ ದಿಕ್ಕಿಗೆ ಹೊಂದಿಸಿ ಇಟ್ಟರೆ ಈಗಲೂ ಸಲೀಸಾಗಿ ಕೂರುತ್ತವೆ.

ನಮ್ಮ ಕಡೆಯ ಹವೆಗೆ ಇದು ಸಣ್ಣ ಮಾತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ, ರಾಯಚೂರಿನ ಬಿಸಿಲಿಗೆ ಬಾಗಿಲು ಚೌಕಟ್ಟು ಬಿಟ್ಟುಕೊಳ್ಳುತ್ತದೆ. ಮಳೆ ಬಿದ್ದರೆ ಅದೇ ಬಾಗಿಲು ಉಬ್ಬಿ ಮುಚ್ಚುವುದಿಲ್ಲ. ಅಂಥ ಊರಲ್ಲಿ ಅರವತ್ತು ವರ್ಷದ ಹತ್ತಿರ ಬದುಕಿದ ತೆಳ್ಳನೆಯ ಚಿಪ್ಪು ಇದು. ಮುಚ್ಚಳದ ಒಳಗೆ, ಚಿಪ್ಪಿನ ಅಡಿಯಲ್ಲಿ, ಬಟ್ಟಲಿನ ಬಾಯಿಯಲ್ಲಿ ಒಂದೊಂದು ಸಣ್ಣ ಗೀರು ಇದೆ. ಮೂರು ಗೀರು ಒಂದೇ ಸಾಲಿಗೆ ಬಂದರೆ ಚಿಪ್ಪು ಬಿಗಿಯಿಲ್ಲದೆ ಕೂರುತ್ತದೆ, ಬಿಗಿಯಿಲ್ಲದೆ ಏಳುತ್ತದೆ. ಒಂದು ಸುತ್ತಿನ ಕಾಲು ಭಾಗ ತಿರುಗಿಸಿದರೂ ಚಿಪ್ಪು ಮುಚ್ಚಳಕ್ಕೆ ಅಂಟಿಕೊಂಡು ಬರುತ್ತದೆ, ಚೆಂಡು ಬರಬೇಕಾದಾಗ ಬರುವುದಿಲ್ಲ. ಗೀರು ಹಾಕಿದ್ದು ಯಾರು ಅಂತ ಮಾಸ್ತರನ್ನು ಕೇಳಿದೆ. "ಅಪ್ಪ ಹಾಕಿದ್ದು. ಟಿಕೆಟ್ ಕತ್ತರಸೋ ಕೈ, ಗುರುತು ಮಾಡೋದು ರೂಢಿ ಅವರಿಗೆ" ಅಂದರು.

ಮೇಲಿನ ಕೆಂಪು ಬಣ್ಣ ಕುಂಚದಿಂದ ಬಳಿದದ್ದಲ್ಲ, ಅರಗಿನದು. ಚನ್ನಪಟ್ಟಣದ ಬೊಂಬೆಗಳಿಗೆ ಹಾಕುವ ಹಾಗೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಒತ್ತಿ ಉಜ್ಜಿದರೆ ಹೊಳಪು. ಬಣ್ಣ ಬಳಿದರೆ ದಪ್ಪ ಒಂದೇ ಸಮ ಇರುವುದಿಲ್ಲ, ಸಂದಿನಲ್ಲಿ ಸೇರಿ ಗಟ್ಟಿಯಾಗುತ್ತದೆ, ಚಿಪ್ಪು ಕೂರುವುದಿಲ್ಲ. ಅರಗು ತೆಳ್ಳಗೆ, ಸಮನಾಗಿ ಹರಡುತ್ತದೆ. ಈ ಬಟ್ಟಲಿನ ಮೇಲೆ ಎಲ್ಲೂ ಮಾಡಿದವನ ಹೆಸರಿಲ್ಲ, ಮುದ್ರೆಯಿಲ್ಲ. ಇದನ್ನು ಕಡೆದ ಮನುಷ್ಯ ಯಾವ ವೇದಿಕೆಯ ಮೇಲೂ ನಿಂತವನಲ್ಲ. ಆದರೆ ಈ ಜಾದೂವಿನ ಅರ್ಧ ಪಾಲು ಅವನದು. ಅದನ್ನು ಆಡಿಸುವ ಮಗು ಉಳಿದರ್ಧ ಮಾಡಿದರೆ ಸಾಕು.

ಸಂದನ್ನು ಮರೆಸುವ ಕೆಲಸ ನಮ್ಮ ಕಡೆಯವರಿಗೆ ಹೊಸದೇನಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಮಾಡುವ ಬೊಂಬೆಗಳನ್ನೇ ತೆಗೆದುಕೊಳ್ಳಿ. ಗರುಡನ ರೆಕ್ಕೆ ಬೇರೆ, ಕೈ ಬೇರೆ, ಮೈ ಬೇರೆ ಕೆತ್ತಿ ಕೂಡಿಸುತ್ತಾರೆ. ಕೂಡಿಸಿದ ಕಡೆ ಹುಣಸೆ ಬೀಜದ ಅಂಟು, ಸೆಣಬಿನ ನಾರು ಎಲ್ಲ ಸೇರಿಸಿದ ಮೆತ್ತೆ ಹಚ್ಚುತ್ತಾರೆ. ಒಣಗಿದ ಮೇಲೆ ಬಿಳಿ, ಅದರ ಮೇಲೆ ಬಣ್ಣ. ಮಾಸ್ತರ ಅಲಮಾರಿಯ ಗರುಡನನ್ನು ಎಷ್ಟು ತಿರುಗಿಸಿ ನೋಡಿದರೂ ರೆಕ್ಕೆ ಎಲ್ಲಿ ಸೇರಿದೆ ಅಂತ ನನಗೆ ಕಾಣಲಿಲ್ಲ. ಅಲ್ಲಿ ಸಂದು ಮುಚ್ಚಿಹೋಗಿದೆ. ಈ ಬಟ್ಟಲಿನಲ್ಲಿ ಸಂದು ಎಲ್ಲರ ಕಣ್ಣೆದುರೇ ಇದೆ. ಎರಡರಲ್ಲಿ ಯಾವುದು ಕಷ್ಟ ಅಂದರೆ ನಾನು ಎರಡನೆಯದು ಅನ್ನುತ್ತೇನೆ. ಯಾಕೆಂದರೆ ಇದು ಮತ್ತೆ ಮತ್ತೆ ಬಿಚ್ಚಿ ಕೂಡಬೇಕಾದ ಸಂದು.

ಇನ್ನು ಅರ್ಧ ಚೆಂಡು. ಇದೊಂದು ವಿಚಿತ್ರ. ಚಿಪ್ಪನ್ನು ಕೈಯಲ್ಲಿ ಹಿಡಿದು, ಪೊಳ್ಳು ಭಾಗವನ್ನು ನಾನೇ ನೋಡಿ, ಆಮೇಲೆ ಬಟ್ಟಲಿನ ಮೇಲೆ ಇಟ್ಟರೂ ನನ್ನ ಕಣ್ಣಿಗೆ ಅಲ್ಲಿ ಪೂರ್ತಿ ಚೆಂಡೇ ಕಾಣುತ್ತದೆ. ಅರ್ಧ ಅಂತ ಮನಸ್ಸಿಗೆ ಗೊತ್ತು, ಕಣ್ಣು ಕೇಳುವುದಿಲ್ಲ. ಬೆಲ್ಜಿಯಮ್‌ನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ವೆಬ್ಯೋರ್ನ್ ಎಕ್‌ರೋಲ್ ಮತ್ತು ಜೊತೆಯವರು ಇದೇ ವಿಷಯವನ್ನು ಜಾದೂಗಾರರ ಅರ್ಧ ಚೆಂಡು ಇಟ್ಟುಕೊಂಡೇ ಅಭ್ಯಾಸ ಮಾಡಿದ್ದಾರೆ. 2013ರಲ್ಲಿ ಒಂದು ಲೇಖನ ಬಂತು, 2016ರಲ್ಲಿ ಇನ್ನೊಂದು. ಕಾಣದ ಹಿಂಭಾಗವನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ, ಬುದ್ಧಿ ಹೇಳುವುದನ್ನು ಅದು ಲೆಕ್ಕಕ್ಕೆ ಇಡುವುದಿಲ್ಲ ಅನ್ನುವುದು ಅವರ ಮಾತಿನ ಸಾರ. ಎರಡನೆಯ ಲೇಖನದ ಪ್ರಯೋಗವನ್ನು ನೀವೂ ಮನೆಯಲ್ಲಿ ಮಾಡಬಹುದು. ಹಳೆಯ ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ಬೆರಳ ತುದಿಗೆ ಟೋಪಿಯ ಹಾಗೆ ಇಟ್ಟುಕೊಂಡು, ನೇರ ಮೇಲಿನಿಂದ ನೋಡಿ. ಚೆಂಡು ಪೂರ್ತಿ ಕಾಣುತ್ತದೆ. ಪೂರ್ತಿ ಚೆಂಡಿಗೆ ಜಾಗ ಆಗಬೇಕಲ್ಲ, ಹಾಗಾಗಿ ಬೆರಳು ಗಿಡ್ಡ ಆದಂತೆ ಅನ್ನಿಸುತ್ತದೆ. ಓಣಿಯ ಹುಡುಗರಿಗೆ ಇದನ್ನು ತೋರಿಸಿದಾಗ ಅವರು ಬಟ್ಟಲಿಗಿಂತ ಇದಕ್ಕೇ ಜಾಸ್ತಿ ಕೂಗಾಡಿದರು.

ಓಣಿಯ ಹುಡುಗರು ಅಂದೆನಲ್ಲ. ಮಾಸ್ತರು ಹೇಳಿದಂತೆ ಅವರ ಮುಂದೆಯೇ ಮಾಡಿದೆ. ಹಗಲಲ್ಲಿ, ಕಟ್ಟೆಯ ಮೇಲೆ, ಒಳ್ಳೆಯ ಬೆಳಕಿನಲ್ಲಿ. ಚೆಂಡು ಹೋಯ್ತು, ಚೆಂಡು ಬಂತು. ಆರನೇ ಇಯತ್ತೆಯ ಒಬ್ಬಳು ಹುಡುಗಿ ಮಾತ್ರ ಕತ್ತು ಸೊಟ್ಟ ಮಾಡಿ ನೋಡುತ್ತಿದ್ದಳು. "ಮಾಮಾ, ಇದು ಆ ಚೆಂಡಲ್ಲ. ಇದು ಹೊಸಾದು, ಅದು ಹಳೇದು" ಅಂದಳು.

ಅವಳು ಹೇಳಿದ್ದು ನಿಜ. ಈ ಬಟ್ಟಲಿನ ದೊಡ್ಡ ಕೊರತೆ ಅದೇ, ಮತ್ತು ಹಳೆಯ ಜಾದೂ ಸಾಮಾನು ಕೊಳ್ಳುವ ಎಲ್ಲರೂ ಇದನ್ನು ಮೊದಲು ನೋಡಬೇಕು. ಚೆಂಡು ಎಲ್ಲರ ಕೈಗೂ ಹೋಗುತ್ತದೆ. ಬೆವರು, ಧೂಳು, ಜೇಬಿನ ಬಟ್ಟೆಯ ತಿಕ್ಕು. ಅರಗು ಮಂಕಾಗಿ ಕಂದು ಬಣ್ಣಕ್ಕೆ ಬಂದಿದೆ. ಚಿಪ್ಪಿನ ಅರ್ಧ ಚೆಂಡನ್ನು ಯಾರೂ ಮುಟ್ಟುವುದಿಲ್ಲ. ಅದು ಮುಚ್ಚಳದೊಳಗೆ ಕತ್ತಲಲ್ಲಿ ಇದ್ದು ಇದ್ದು ಮೊದಲ ದಿನದ ಕೆಂಪನ್ನೇ ಉಳಿಸಿಕೊಂಡಿದೆ. ಕೊಂಡ ವರ್ಷ ಎರಡೂ ಒಂದೇ ಬಣ್ಣ ಇದ್ದವು. ಆಡಿ ಆಡಿ ಒಂದು ಮುಪ್ಪಾಯಿತು, ಇನ್ನೊಂದು ಆಗಲಿಲ್ಲ.

ಚೆಂಡಿಗೆ ಹೊಸ ಬಣ್ಣ ಹಾಕಿಸಿಬಿಡಿ ಅನ್ನುವವರಿದ್ದಾರೆ. ನನಗೆ ಅದು ಬೇಡ, ಮಾಸ್ತರಿಗೂ ಬೇಡ. ಆ ಮಂಕು ಒಂದು ಮನೆಯ ಎರಡು ತಲೆಮಾರು ಇದರಲ್ಲಿ ಆಡಿದ್ದರ ಗುರುತು. ಬೇರೆ ದಾರಿ ಹುಡುಕಿದೆವು. ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಚೆಂಡಿನ ಮಂಕು ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ಇನ್ನೊಂದು, ಹಗಲು ಬೆಳಕು ಮತ್ತು ಬಿಳಿ ಟ್ಯೂಬ್‌ಲೈಟ್ ಬಿಟ್ಟು ಹಳದಿ ಬಲ್ಬಿನ ಕೆಳಗೆ ಮಾಡುವುದು. ಹಳದಿ ಬೆಳಕಿನಲ್ಲಿ ಆ ಎರಡು ಕೆಂಪುಗಳ ನಡುವೆ ಭೇದ ಕಾಣುವುದಿಲ್ಲ. ಇದನ್ನು ಮಾಡಿದ ಕಾಲದಲ್ಲಿ ಮನೆಗಳಲ್ಲಿ ಇದ್ದದ್ದೂ ಅಂಥದೇ ಬೆಳಕು.

ಇನ್ನೊಂದು ಕೊರತೆ ಈ ಆಟಕ್ಕೇ ಹುಟ್ಟಿನಿಂದ ಬಂದದ್ದು. ಆಟ ಮುಗಿದ ತಕ್ಷಣ ಎದುರಿಗಿದ್ದವರು ಕೈ ಚಾಚುತ್ತಾರೆ: "ಕೊಡ್ರಿ ಇಲ್ಲೆ, ನೋಡೂನು." ಚೆಂಡು ಕೊಡಬಹುದು. ಮುಚ್ಚಳ ಕೊಡುವಂತಿಲ್ಲ, ಒಳಗೆ ಚಿಪ್ಪು ಇದೆ. ಸಂತೆಯಲ್ಲಿ ಬಟ್ಟಲಾಟ ಆಡಿಸುವ ಗಾರುಡಿಗನಿಗೆ ಈ ಕಷ್ಟ ಇಲ್ಲ. ಅವನ ಬಟ್ಟಲಿನಲ್ಲಿ ಗುಟ್ಟೇ ಇಲ್ಲ, ಎಲ್ಲ ಅವನ ಬೆರಳಿನಲ್ಲಿ. ಅವನು ಬಟ್ಟಲನ್ನು ನಿಮ್ಮ ಕೈಗೇ ಕೊಟ್ಟು ನೋಡಿಕೊಳ್ಳಿ ಅನ್ನಬಲ್ಲ. ಆ ಕೈ ಬರಲು ವರ್ಷಗಳು ಬೇಕು. ಈ ಆಟಿಕೆ ಹತ್ತು ವರ್ಷದ ಮಗುವಿಗೆ ಒಂದು ಸಂಜೆಯಲ್ಲಿ ಜಾದೂ ಕೊಡುತ್ತದೆ, ಅದರ ಬದಲಿಗೆ ಮುಚ್ಚಳವನ್ನು ಬಚ್ಚಿಡು ಅನ್ನುತ್ತದೆ. ನನಗೆ ಅದು ನ್ಯಾಯವಾದ ವ್ಯಾಪಾರ ಅನ್ನಿಸುತ್ತದೆ.

ಮಕ್ಕಳ ಕೈಗೆ ಸಿದ್ಧ ಗುಟ್ಟು ಕೊಡುವ ಈ ವ್ಯಾಪಾರ ದೊಡ್ಡದಾಗಿ ಬೆಳೆದದ್ದರಲ್ಲಿ ಅಮೆರಿಕದ ಎ.ಸಿ. ಗಿಲ್ಬರ್ಟ್ ಪಾಲು ಬಹಳ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪೋಲ್‌ವಾಲ್ಟ್ ಚಿನ್ನ ಹಂಚಿಕೊಂಡ ಮನುಷ್ಯ, ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದಿದವನು. ಡಾಕ್ಟರಿಕೆ ಮಾಡದೆ 1909ರಲ್ಲಿ ಜಾನ್ ಪೆಟ್ರಿ ಜೊತೆ ಸೇರಿ ಮಿಸ್ಟೊ ಅನ್ನುವ ಕಂಪನಿ ತೆರೆದು ಜಾದೂ ಪೆಟ್ಟಿಗೆ ಮಾಡಿ ಮಾರಿದ. 1913ರಲ್ಲಿ ಕಬ್ಬಿಣದ ಪಟ್ಟಿ ಜೋಡಿಸಿ ಸೇತುವೆ, ಕ್ರೇನು ಕಟ್ಟುವ ಇರೆಕ್ಟರ್ ಸೆಟ್ ತಂದದ್ದೂ ಅವನೇ. ಎರಡರಲ್ಲೂ ಮಗುವಿನ ಕೈಗೆ ಕೆಲಸ ಇದೆ. ಅದು ನನಗೆ ಇಷ್ಟ.

ಗುಟ್ಟು ಇನ್ನೂ ಹಳೆಯದು, ಅದರಲ್ಲಿ ಮರಗೆಲಸದವನ, ಕಮ್ಮಾರನ ಪಾಲೂ ಹಳೆಯದು. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್, ಮಾಟಗಾತಿಯರು ಅಂತ ಬಡವರನ್ನು ಹಿಡಿದು ಕೊಲ್ಲುವುದು ತಪ್ಪು ಅಂತ ವಾದಿಸಿ ಪುಸ್ತಕ ಬರೆದ. ಅದರಲ್ಲಿ ಜಾದೂಗಾರರ ಆಟಗಳನ್ನು ಬಿಡಿಸಿ ತೋರಿಸಿದ. ತಲೆಗೆ ಚುಚ್ಚಿಕೊಂಡಂತೆ ಕಾಣುವ ದಬ್ಬಣ, ಅದರ ಮೊನೆ ಪೊಳ್ಳು ಹಿಡಿಕೆಯೊಳಗೆ ಸರಿದುಹೋಗುವ ಬಗೆ, ಎಲ್ಲ ಅಲ್ಲಿದೆ. ಮಾಟ ಅಂತ ಹೆದರಬೇಡಿ, ಇದು ಕೈಕೆಲಸ ಅಂತ ಜನರಿಗೆ ತಿಳಿಸಲು ಗುಟ್ಟು ಬಿಚ್ಚಿದ. ನಮ್ಮಲ್ಲಿ ಇವತ್ತಿಗೂ ಬೂದಿ ತೆಗೆದು, ನಿಂಬೆಹಣ್ಣಿನಿಂದ ರಕ್ತ ಬರಿಸಿ ದುಡ್ಡು ಕೀಳುವವರಿದ್ದಾರೆ. ಅರ್ಧ ಚೆಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ ಮಗು ಅಂಥವರ ಮುಂದೆ ಕೂತಾಗ ಬೆರಳಿನ ಕಡೆ ನೋಡುತ್ತದೆ ಅನ್ನುವ ನಂಬಿಕೆ ನನಗಿದೆ. ಆ ಕಾರಣಕ್ಕೇ ಗುಟ್ಟನ್ನು ಮಕ್ಕಳಿಗೆ ಹೇಳಿಕೊಡುವುದರ ಪರ ನಾನು.

ಹೇಳಿಕೊಟ್ಟದ್ದು ಆ ಆರನೇ ಇಯತ್ತೆಯವಳಿಗೇ. ಬಣ್ಣ ಗುರುತಿಸಿದ ಕಣ್ಣು ಅವಳದು. ಕೈಯೂ ಚುರುಕು. ಬೆರಳು ಕೆಳಗೆ ಸರಿಯುವುದನ್ನು ಮೊದಮೊದಲು ನಿಲ್ಲಿಸಿ ನಿಲ್ಲಿಸಿ ಮಾಡುತ್ತಿದ್ದಳು, ಎಲ್ಲರಿಗೂ ಕಾಣುತ್ತಿತ್ತು. ಮಾಸ್ತರು ಅವಳ ಪಕ್ಕ ಕೂತು ಒಂದೇ ಮಾತು ಹೇಳಿದರು. "ಕೈ ನೋಡಬ್ಯಾಡವ್ವಾ. ನೀ ಕೈ ನೋಡಿದ್ರ ಅವರೂ ಕೈ ನೋಡ್ತಾರ. ಜೇಬು ನೋಡು." ಚೆಂಡು ಈಗ ಎಲ್ಲಿದೆ ಅಂತ ಕೇಳುತ್ತಾ ಅವಳು ತನ್ನ ಜೇಬಿನ ಕಡೆ ನೋಡಿದಳು, ಎಲ್ಲರೂ ಅತ್ತ ನೋಡಿದರು. ಅಷ್ಟರಲ್ಲಿ ಬೆರಳು ಸರಿದಿತ್ತು. ಚಿಪ್ಪು ಬಟ್ಟಲಿಗೆ ಬಡಿದಾಗ ಆಗುವ ಟಿಕ್ ಸದ್ದನ್ನೂ ಮಾತಿನಲ್ಲೇ ಮುಚ್ಚಬೇಕು. ಸುಮ್ಮನೆ ಕೂತು ಮಾಡಿದರೆ ಆ ಸದ್ದು ಕೇಳುತ್ತದೆ.

ಅವಳು ನನಗೆ ಗೊತ್ತಿರದ ಒಂದು ದಾರಿಯನ್ನೂ ಕಂಡುಕೊಂಡಳು. ಚಿಪ್ಪು ಕೆಳಗೆ ಪೊಳ್ಳು ತಾನೆ, ನಿಜವಾದ ಚೆಂಡು ಅದರ ಅಡಿಗೆ ಹಿಡಿಸುತ್ತದೆ. ಶುರುವಿನಲ್ಲೇ ಚೆಂಡನ್ನು ಒಳಗಿಟ್ಟು, ಒಂದು ಸಲ ಮುಚ್ಚಳ ಮಾತ್ರ ಎತ್ತಿ, ಇನ್ನೊಂದು ಸಲ ಚಿಪ್ಪಿನ ಸಮೇತ ಎತ್ತಿ ತೋರಿಸಿದರೆ ಎರಡು ಸಲವೂ ಚೆಂಡೇ ಕಾಣುತ್ತದೆ. ಆಮೇಲೆ ಕೈಯಿಂದ ಚೆಂಡು ತೆಗೆದುಕೊಟ್ಟರೆ ಬಟ್ಟಲಿನ ಮೇಲಿನ ಅನುಮಾನ ಅಲ್ಲಿಗೇ ಹೋಗುತ್ತದೆ. ನೋಡಿಕೊಳ್ಳುತ್ತೇವೆ ಅಂತ ಕೇಳುವವರಿಗೆ ಇದು ಅರ್ಧ ಉತ್ತರ. ಆದರೆ ಹೀಗೆ ಮಾಡುವಾಗ ಹೊಸ ಕೆಂಪು, ಹಳೆ ಕೆಂಪು ಬೆನ್ನಿಗೆ ಬೆನ್ನು ಕಾಣುತ್ತವೆ. ಹಳದಿ ಬಲ್ಬು ಬೇಕೇ ಬೇಕು.

ಹೋಲಿಸಿ ನೋಡಲು ಒಂದು ಪ್ಲಾಸ್ಟಿಕ್ ಬಟ್ಟಲನ್ನೂ ತಂದಿದ್ದೆ, ಗವಿಮಠದ ಜಾತ್ರೆಯಲ್ಲಿ ಕೊಂಡದ್ದು. ಪ್ಲಾಸ್ಟಿಕ್ ಬಿಸಿಲಿಗೆ ಕುಗ್ಗುವುದಿಲ್ಲ, ಮಳೆಗೆ ಉಬ್ಬುವುದಿಲ್ಲ. ಚೆಂಡು, ಚಿಪ್ಪು ಎರಡರ ಬಣ್ಣವೂ ಒಳಗಿನಿಂದಲೇ ಒಂದೇ, ಸವೆದರೂ ಬೇರೆಯಾಗುವುದಿಲ್ಲ. ಅಗ್ಗ. ಯಾವ ಮಗುವಿಗೂ ಕೊಡಿಸಬಹುದು. ಆದರೆ ಬಹಳ ಹಗುರ. ಮುಚ್ಚಳ ಎತ್ತಿದರೆ ಬಟ್ಟಲೂ ಜೊತೆಗೆ ಏಳುತ್ತದೆ, ಇನ್ನೊಂದು ಕೈಯಿಂದ ಒತ್ತಿ ಹಿಡಿಯಬೇಕು. ಹಾಗೆ ಹಿಡಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಮತ್ತೆ ಅದರ ಮೈ ಮೇಲೆ ಒಂದೂ ಗೆರೆ ಇಲ್ಲ, ನುಣ್ಣಗೆ ಬಿಟ್ಟಿದ್ದಾರೆ. ಎರಡು ಸಂದು, ಎರಡೂ ಎದ್ದು ಕಾಣುತ್ತವೆ. ಅಚ್ಚಿನಲ್ಲೇ ಮೂರು ಗೆರೆ ಹಾಕಿದ್ದರೆ ಒಂದು ಪೈಸೆಯೂ ಜಾಸ್ತಿ ಬೀಳುತ್ತಿರಲಿಲ್ಲ. ಮಗುವಿನ ಆಟಿಕೆ ಅಂತ ಯಾರೋ ಅಷ್ಟು ಯೋಚನೆ ಮಾಡಲಿಲ್ಲ, ಅದು ನನಗೆ ನೋವಾಯಿತು.

ಹಳೆಯ ಮರದ ಬಟ್ಟಲು ನಿಮಗೆ ಎಲ್ಲಾದರೂ ಸಿಕ್ಕರೆ ಹೊಳಪಿಗೆ ಮರುಳಾಗಬೇಡಿ. ಮೊದಲು ಚಿಪ್ಪು ಇದೆಯಾ ನೋಡಿ. ಗುಜರಿಯವರಿಗೆ ಅದು ಏನು ಅಂತ ಗೊತ್ತಿರುವುದಿಲ್ಲ, ಕಳೆದುಹೋಗಿರುವುದೇ ಜಾಸ್ತಿ. ಚಿಪ್ಪಿಲ್ಲದ್ದು ಬರೀ ಕುಂಕುಮದ ಭರಣಿ. ಚಿಪ್ಪು ಇದ್ದರೆ ಅದನ್ನು ಬಟ್ಟಲಿನ ಮೇಲೆ ನಿಧಾನ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಒಂದು ಕಡೆ ಸಡಿಲ ಸಿಕ್ಕರೆ ಸಾಕು, ಅಲ್ಲಿ ಗುರುತು ಮಾಡಿಕೊಳ್ಳಿ. ಎಲ್ಲೂ ಸಿಗದಿದ್ದರೆ ಉಪ್ಪುಕಾಗದ ಹಚ್ಚಲು ಹೋಗಬೇಡಿ, ಅಷ್ಟು ತೆಳ್ಳನೆಯ ಅಂಚು ತಡೆಯುವುದಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಕಾದು ನೋಡಿ. ಚೆಂಡು ಕಳೆದಿದ್ದರೆ ಚಿಂತೆಯಿಲ್ಲ, ಹೊಸದು ಕಡೆಸಬಹುದು.

ಬಡಿಗೇರ ಅವನ ಲೇತ್‌ನಲ್ಲಿ ಒಂದು ಹೊಸದನ್ನು ಮಾಡಿ ನೋಡುತ್ತೇನೆ ಅಂದಿದ್ದಾನೆ. ಆ ಹುಡುಗಿಗೆ ಅಂತ. ಚಿಪ್ಪನ್ನು ಕಡೆಯುವುದೇ ಅವನಿಗೆ ಅಂಜಿಕೆ, ಮೊದಲ ಎರಡು ಒಡೆದವಂತೆ. ಅರಗಿನ ಕಡ್ಡಿ ತರಿಸಿಕೊಡುವುದು ನನ್ನ ಪಾ‍ಲಿನ ಕೆಲಸ. ಚೆಂಡಿಗೂ ಚಿಪ್ಪಿಗೂ ಒಂದೇ ಕಡ್ಡಿಯಿಂದ ಬಣ್ಣ ಹಾಕಬೇಕು ಅಂತ ಹುಡುಗಿಯೇ ಹೇಳಿ ಬಂದಿದ್ದಾಳೆ. ಮಾಸ್ತರದು ಒಂದೇ ಕರಾರು: ಗೆರೆ ಐದಕ್ಕಿಂತ ಕಡಿಮೆ ಇರಬಾರದು.